ಎಣ್ಣೆ ತೊಳೆದ ಕಲ್ಲು

"ಕಣ್ಣು ಪೊಟ್ಟೆಯಾಗಿದೆಯೇನೇ, ರಂಡೆ? ಹಾಸಿಗೆ ಮೇಲೆ ಹಲ್ಲಿ ಹಿಕ್ಕೆ ಬಿದ್ದದೆ, ಕಾಣಲಿಲ್ವಾ? ಮೈಸೂರು ಪಾರ್ಟಿ ಇದು. ಆ ಅಮ್ಮ ಮ್ಯಾನೇಜರ್ ತಾವ ಒಂದು ಮಾತು ಅಂದ್ರೆ ನನ್ನ ಕೆಲಸ ಹೋಗುತ್ತೆ. ಹುಟ್ಟಿದ್ದು ಗುಡಿಸ್ಲಲ್ಲಿ, ಒಂದು ಗುಡಿಸ್ಲು ಕ್ಲೀನ್ ಮಾಡಕೆ ಬರಲ್ಲ ನಿನಗೆ!"

ಸೂಪರ್‌ವೈಸರ್ ಧರ್ಮಲಿಂಗಂ ಬಾಗಿಲಲ್ಲಿ ನಿಂತು ಕೂಗುತ್ತಿದ್ದ. ಕೆಂಪಿ ಮಂಚದ ಕೆಳಗೆ ಅರ್ಧ ತೂರಿಕೊಂಡು, ಗೆಸ್ಟುಗಳ ಮಗು ಉದುರಿಸಿದ್ದ ಚಿಪ್ಸಿನ ಪುಡಿಯನ್ನು ಅಂಗೈಯಲ್ಲಿ ಬಳಿಯುತ್ತಿದ್ದಳು. ಹೊರಗೆ ಬಂದು ಹಾಸಿಗೆಯ ಬಟ್ಟೆ ಕೊಡವಿದಳು. ಮಾಡಿಗೆ ಹುಲ್ಲು ಹೊದಿಸಿದ ಮೇಲೆ ಹಲ್ಲಿ ಬರದೆ ಇರುತ್ತದೆಯೇ? ಅಂದರೆ ಎದುರುಮಾತಾಗುತ್ತದೆ.

ಮಸಿನಗುಡಿ ದಾಟಿ ಮಾಯಾರ್ ಕಡೆಗೆ ಹೊರಳುವಲ್ಲಿ, ಲಂಟಾನದ ಪೊದೆ ಸವರಿ ಕಟ್ಟಿದ 'ಕಾಡೂರು' ಎಂಬ ಥೀಮ್ ಪಾರ್ಕು ಅದು. ಅದರೊಳಗಿನ ರೆಸಾರ್ಟಿನ ಕೋಣೆಗಳನ್ನು ಕೆಂಪಿಯ ಹಾಡಿಯ ಗುಡಿಸಲುಗಳ ಅಚ್ಚಿನಲ್ಲೇ ಎಬ್ಬಿಸಿದ್ದರು. ಮೇಲೆ ಹುಲ್ಲು, ಒಳಗೆ ಕಾಂಕ್ರೀಟು. ಕೋಣೆಯ ನಡುವೆ ಒಂದು ಸಿಮೆಂಟಿನ ಮರ, ಮರದ ಪೊಟರೆಯಲ್ಲಿ ಟೀವಿ. ಅಂಗಳದ ಹುಸಿ ಬಂಡೆಗಳೊಳಗೆ ಸ್ಪೀಕರು ಹುದುಗಿಸಿ ಮಟಮಟ ಮಧ್ಯಾಹ್ನವೂ ಜೀರುಂಡೆ ಕೂಗಿಸುತ್ತಿದ್ದರು. ಗೇಟಿನಲ್ಲಿ ಫೈಬರಿನ ಆನೆಯೊಂದು ಸೊಂಡಿಲೆತ್ತಿ ನೀರು ಚಿಮ್ಮಿಸುತ್ತಿತ್ತು. ಬಂದಿಳಿದ ಮಕ್ಕಳು ಅದರಡಿ ನಿಂತು ಕಿರುಚಿ ನೆನೆಯುತ್ತಿದ್ದವು. ನಿಜವಾದ ಆನೆಗಳ ಹಳೆಯ ದಾರಿಗೆ ಈ ಕಾಂಪೌಂಡು ಅಡ್ಡ ಬಂದಿತ್ತು. ಅವು ಸುತ್ತು ಹಾಕಿ ಹಾಡಿಯ ಕಾಲುದಾರಿಗೇ ಇಳಿಯತೊಡಗಿದ್ದವು. ಹೋದ ಚಳಿಗಾಲದಲ್ಲಿ ಹಾಗೆ ಇಳಿದ ಒಂಟಿ ಸಲಗ ಕೆಂಪಿಯ ಗಂಡ ಮಾದನ್‌ನನ್ನು ತುಳಿಯಿತು. ಅವನು ಗೆಸ್ಟುಗಳ ಬೆಂಕಿಯ ಮುಂದೆ ಡೋಲು ಬಾರಿಸಿ, ಡೋಲು ಹೆಗಲಿಗೇರಿಸಿಕೊಂಡು ಮನೆಗೆ ನಡೆಯುತ್ತಿದ್ದ. ಜೀಪಿತ್ತು. ಜೀಪು ಗೆಸ್ಟುಗಳಿಗೆ.

ಧರ್ಮಲಿಂಗಂ ಆಚೆ ಹೋದ. ಕೆಂಪಿ ಬಕೆಟ್ಟು ಹಿಡಿದು ಬಚ್ಚಲಿಗೆ ಹೋದಳು.

ಬೇಸಿನ್ನಿನ ಪಕ್ಕದ ಕಟ್ಟೆಯ ಮೇಲೆ, ಪೇಸ್ಟು ಶಾಂಪೂಗಳ ನಡುವೆ ಒಂದು ಕಲ್ಲಿತ್ತು. ಅಂಗೈ ತುಂಬುವಷ್ಟು ದಪ್ಪದ ಹೊಳೆಗಲ್ಲು. ಕರಿಯ ಮೈ, ಅದರ ಮೇಲೆ ಓರೆಯಾಗಿ ಇಳಿದ ಒಂದು ಬಿಳಿ ಗೆರೆ.

ಕೆಂಪಿಯ ಕೈಯಿಂದ ಬಕೆಟ್ಟು ಜಾರಿ ನೆಲಕ್ಕೆ ಕೂತಿತು.

ಹಾಡಿಯಲ್ಲಿ ಯಾರೇ ಸತ್ತರೂ ಹೊಳೆಯಿಂದ ಅವರಿಗೊಂದು ಕಲ್ಲು ಆರಿಸಿ ತಂದು ಕೊಪ್ಪೆಯಲ್ಲಿ ಕೂರಿಸುತ್ತಾರೆ. ಕೊಪ್ಪೆಯೆಂದರೆ ಹಾಡಿಯ ಅಂಚಿನಲ್ಲಿ ಚಪ್ಪಡಿ ನಿಲ್ಲಿಸಿ ಮಾಡಿದ, ಮೊಣಕಾಲೆತ್ತರದ ಕಲ್ಲುಮನೆ. ಅಜ್ಜಂದಿರ ಕಾಲದವರೂ ಅಲ್ಲೇ ಒತ್ತೊತ್ತಾಗಿ ಕೂತಿದ್ದಾರೆ. ಮಾದನ್‌ನ ಕಲ್ಲನ್ನು ಹೊಳೆಯ ತಿರುವಿನಲ್ಲಿ ಎತ್ತಿದವನು ಪೂಜಾರಿ ನಂಜ. ಬಿಳಿ ಗೆರೆ ನೋಡಿ, "ಡೋಲು ಪಟ್ಟಿ ಹಾಕ್ಕಂಡು ನಿಂತಂಗೇ ಅವನೆ ನೋಡು ನಿನ್ನ ಗಂಡ" ಎಂದಿದ್ದ. ಅಳುತ್ತಿದ್ದ ಕೆಂಪಿಗೂ ಆಗ ನಗು ಬಂದಿತ್ತು. ಕೂರಿಸುವ ಮುಂಚೆ ಎಣ್ಣೆ ತಿಕ್ಕಿದ್ದು ಅವಳ ಕೈಯೇ. ಕೂರಿಸಿದ ಮೇಲೆ ಮಾತ್ರ ಮುಟ್ಟುವಂತಿಲ್ಲ. ಪೂಜಾರಿಯ ಕೈ ಬಿಟ್ಟು ಇನ್ನೊಂದು ಕೈ ತಾಗಬಾರದು. ಹೆಂಡತಿಯದಂತೂ ಕೂಡದೇ ಕೂಡದು. ಅವಳು ಮುಟ್ಟಿದರೆ ಸತ್ತವನು ಎದ್ದು ಅವಳ ಹಿಂದೆಯೇ ಬಂದುಬಿಡುತ್ತಾನೆ. ಆಮೇಲೆ ಸತ್ತವರ ಜೊತೆಯೂ ಕೂರಲಾರ, ಬದುಕಿದವರ ಜೊತೆಯೂ ಉಣ್ಣಲಾರ. ಹಸಿದು ಅಲೆಯುತ್ತಾನೆ.

ಯಾರೋ ಕಲ್ಲಿಗೆ ಶಾಂಪೂ ಹಾಕಿ ತಿಕ್ಕಿದ್ದರು. ಚಳಿಗಾಲದಿಂದ ಕುಡಿದ ಎಣ್ಣೆಯೆಲ್ಲ ಇಳಿದು, ಸಣ್ಣ ಗುಳಿಗಳಲ್ಲಿ ನೊರೆ ಒಣಗಿತ್ತು. ಪರರ ಬಚ್ಚಲಲ್ಲಿ ಗಂಡ ಬತ್ತಲೆ ನಿಂತ ಹಾಗೆ ಕಂಡಿತು ಅವಳಿಗೆ. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದಳು.

"ಇಲ್ಲಿಗೆ ಯಾಕೆ ಬಂದೆ?" ಎಂದು ಪಿಸುಗುಟ್ಟಿದಳು.

ಹಿಂದಿನ ದಿನ 'ಹಾಡಿ ನೋಡೋಣ' ಎಂದು ಧರ್ಮಲಿಂಗಂ ಗೆಸ್ಟುಗಳನ್ನು ನಡೆಸಿಕೊಂಡು ಹೋಗಿದ್ದ. ಆಗ ಕೆಂಪಿ ಇಲ್ಲಿ ಕೆಲಸದಲ್ಲಿದ್ದಳು.

ಬಚ್ಚಲು ತೊಳೆದು, ಬಕೆಟ್ಟು ಹಿಡಿದೇ ಅವನನ್ನು ಹುಡುಕಿ ಹೋದಳು. ಅವನು ಲಾಂಡ್ರಿಯ ಹಿಂದೆ ಬೀಡಿ ಸೇದುತ್ತಿದ್ದ. ಅವಳು ಹೇಳಿದ್ದನ್ನು ಪೂರಾ ಕೇಳಿದ.

"ಆ ಮಗು ಎತ್ಕಂಡಾಗ ನೀವು ಕಂಡ್ರಾ ಸಾರ್?"

"ಕಂಡೆ. ಏನೀಗ? ಕಿತ್ಕಂಡ್ರೆ ಅಳುತ್ತೆ ಅಂತ ಬಿಟ್ಟೆ. ಹೊಳೆ ಕಲ್ಲಿಗೆ ಪಂಚಾಯ್ತಿಯಾ? ಇನ್ನೊಂದು ತಂದು ಇಡಿ."

"ನಿಮ್ಮಪ್ಪ ಸತ್ತ ಮ್ಯಾಕೆ ಇನ್ನೊಬ್ಬ ಅಪ್ಪನ ತಂದು ಇಟ್ಕಂಡ್ರಾ ಸಾರ್?"

ಧರ್ಮಲಿಂಗಂ ಅತ್ತ ಇತ್ತ ನೋಡಿದ. ಗೆಸ್ಟುಗಳು ಯಾರೂ ಇರಲಿಲ್ಲ. ಅವಳ ಬಕೆಟ್ಟಿಗೆ ಕಾಲಿಂದ ಒದ್ದ. ಬಚ್ಚಲು ತೊಳೆದ ನೀರು ಅವಳ ಸೊಂಟದವರೆಗೆ ಚೆಲ್ಲಿತು.

"ನಾಲಿಗೆ ಬಂತಾ, ನಾಯಿಮುಂಡೆ? ಆ ಅಮ್ಮನ ಹತ್ರ ಇದರ ಸುದ್ದಿ ಎತ್ತಿದ್ಯೋ, ನಾಳೆಯಿಂದ ನಿಮ್ಮ ಹಾಡಿಯೋರು ಒಬ್ಬರೂ ಈ ಗೇಟಿನೊಳಗೆ ಬರಂಗಿಲ್ಲ. ಡೋಲು ಬಡಿಯೋರೂ ಸೇರಿ. ಜೇನಿಗೆ ಕಾಡಿಗೆ ಹೋದ್ರೆ ಫಾರೆಸ್ಟಿನೋರು ಒಳಗೆ ಹಾಕ್ತಾರೆ. ಏನು ತಿಂತೀರ, ಕಲ್ಲಾ?"

ಒದ್ದೆ ಸೀರೆ ಹಿಂಡಿಕೊಂಡು ಕೆಂಪಿ ಅದೇ ಕೋಣೆಯ ಮೆಟ್ಟಿಲ ಹತ್ತಿರ ಬಂದು ಪೊರಕೆ ಆಡಿಸುತ್ತ ಕಾದಳು. ಹೇಳಬಾರದೆಂದೇ ಇದ್ದಳು. ನೀರಿನಾಟ ಮುಗಿಸಿ ಅಪ್ಪ ಅಮ್ಮ ಮಗು ಟವೆಲು ಹೊದ್ದು ಬಂದರು. ಮಗು ಒಳಗೆ ಓಡಿ ಕಲ್ಲನ್ನು ಎತ್ತಿಕೊಂಡು ಬಂದು ಎದೆಗೆ ಒತ್ತಿಕೊಂಡಿತು. ಕೆಂಪಿಯ ಬಾಯಿ ಅವಳ ಮಾತು ಕೇಳಲಿಲ್ಲ.

"ಅಮ್ಮಾ... ಆ ಕಲ್ಲು... ಅದು ಎನ್ನ ಗಂಡ, ಅಮ್ಮಾ."

ಆ ಹೆಂಗಸಿನ ಹೆಸರು ಭವ್ಯಾ. ಒಳ್ಳೆಯವಳು, ಬಂದ ದಿನವೇ ಕೆಂಪಿಯನ್ನು 'ಊಟ ಆಯ್ತಾ' ಎಂದು ಕೇಳಿದ್ದಳು. ಈಗ ಅವಳ ಕಣ್ಣು ಅರಳಿತು. ಸಾವು, ಹೊಳೆ, ಕೊಪ್ಪೆ, ಎಣ್ಣೆ ಎಲ್ಲವನ್ನೂ ಬಿಡಿಸಿ ಬಿಡಿಸಿ ಕೇಳಿದಳು.

"ರೀ, ಕೇಳಿದ್ರಾ? ಎಷ್ಟು ಚೆಂದದ ನಂಬಿಕೆ ಅಲ್ವಾ? ನಮ್ಮಲ್ಲಿ ಸತ್ತೋರಿಗೆ ಒಂದು ಫೋಟೊ ಹಾಕಿ ಮರ್ತೇಬಿಡ್ತೀವಿ."

"ವಾಪಸ್ ಕೊಡು ಪುಟ್ಟಾ, ಪಾಪ" ಎಂದ ಗಂಡ. ಮಗು ಕಿರುಚಿತು. ನೆಲಕ್ಕೆ ಬಿದ್ದು ಹೊರಳಿತು, ಕಲ್ಲು ಬಿಡಲಿಲ್ಲ. ಅವನು ಬೇಸತ್ತು ಪರ್ಸು ತೆಗೆದು ಒಂದು ನೋಟು ಕೆಂಪಿಯ ಕೈಗೆ ತುರುಕಿದ. "ಬೇರೆ ಕಲ್ಲು ಇಟ್ಕೊಳ್ಳಮ್ಮ. ರಜಾ ಕಳಿಯೋಕೆ ಬಂದಿದೀವಿ, ಮಗೂನ ಅಳಿಸೋಕಾ?"

"ಬ್ಯಾಡ ಅಯ್ಯಾ, ಕಾಸು ಬ್ಯಾಡ."

"ನಾವೇನು ಎಸೆದುಬಿಡಲ್ಲಮ್ಮ" ಎಂದಳು ಭವ್ಯಾ, ಕೆಂಪಿಯ ಭುಜ ಮುಟ್ಟಿ. "ನಮ್ಮ ದೇವರ ಮನೇಲೇ ಇಡ್ತೀನಿ. ನಿಮ್ಮ ಯಜಮಾನ್ರಿಗೆ ದಿನಾ ಹೂವು, ದೀಪ. ಆ ಕಾಡಲ್ಲಿ ಬಿಸಿಲು ಮಳೇಲಿ ಇರೋದಕ್ಕಿಂತ ಚೆನ್ನಾಗಿರ್ತಾರೆ. ಸರೀನಾ?"

ಬೈದಿದ್ದರೆ ಕಾಲಿಗೆ ಬೀಳಬಹುದಿತ್ತು. ಇಷ್ಟು ಮೆತ್ತಗೆ ಮಾತಾಡುವವರ ಹತ್ತಿರ ಏನು ಮಾಡಬೇಕೆಂದು ಕೆಂಪಿಗೆ ತಿಳಿಯಲಿಲ್ಲ.

"ಸಂಜೆ ಎಮ್ಮ ಪೂಜಾರಿ ಆಟಕ್ಕೆ ಬತ್ತನೆ. ನಂಜ ಅಂತ. ಅವನ ಕೈಗೆ ಕೊಡಿ ಅಮ್ಮಾ. ಅವನೊಬ್ಬನೇ ಮುಟ್ಟಬೇಕು."

"ನೋಡೋಣಮ್ಮ" ಎಂದಳು ಭವ್ಯಾ.

ಸಂಜೆ ಹಿಂದಿನ ಗೇಟಿನಿಂದ ಡೋಲು ಕೊಳಲಿನವರು ಬಂದರು. ಅಡುಗೆಮನೆಯ ಹಿಂದಿನ ನಲ್ಲಿಯ ಹತ್ತಿರ ಅಂಗಿ ಪಂಚೆ ಬಿಚ್ಚಿ, ಸೊಂಟಕ್ಕೆ ಸೊಪ್ಪು ಕಟ್ಟಿ, ಮುಖಕ್ಕೆ ಸುಣ್ಣದ ಪಟ್ಟೆ ಬಳಿದುಕೊಳ್ಳುವುದು ಕಂಪನಿಯ ನಿಯಮ. ಹಾಡಿಯಲ್ಲಿ ಸೊಪ್ಪು ಕಟ್ಟಿದವರನ್ನು ಅಲ್ಲಿದ್ದವರು ಯಾರೂ ಕಂಡಿರಲಿಲ್ಲ. ನಂಜ ಕನ್ನಡಿ ಚೂರು ಹಿಡಿದು ಮುಖಕ್ಕೆ ಬಳಿಯುತ್ತಲೇ ಕೆಂಪಿಯ ಮಾತು ಕೇಳಿದ. ಬಳಿಯುವ ಬೆರಳು ನಿಂತಿತು.

"ನೀ ಮುಟ್ಟಿದ್ಯಾ?"

"ಇಲ್ಲೆ ಮಾವ."

"ಹೂಂ." ಆಮೇಲೆ ತನ್ನ ಸೊಂಟದ ಕಡೆ ನೋಡಿಕೊಂಡ. "ಈ ಸೊಪ್ಪು ಸುತ್ಕಂಡು ಹೆಂಗೆ ಕೇಳದು, ಕೆಂಪಿ? ಪೂಜಾರಿ ಅಂದ್ರೆ ನಗ್ತರೆ."

"ನಾಳೆ ಬೆಳಗ್ಗೆ ಹೊಂಟೋಗ್ತರೆ, ಮಾವ."

ಬೆಂಕಿ ಹೊತ್ತಿತು. ಸುತ್ತ ಕುರ್ಚಿ ಹಾಕಿ ಗೆಸ್ಟುಗಳು ಕೂತರು. ಕೆಂಪಿಯೂ ಹಾಡಿಯ ಹೆಂಗಸರೂ ಬೆಂಕಿಯ ಸುತ್ತ ಕುಣಿಯಲು ನಿಂತರು. ಮೈಸೂರಿನ ಮಗು ಮುಂದಿನ ಸಾಲಿನಲ್ಲಿ, ತೊಡೆಯ ಮೇಲೆ ಕಲ್ಲು. ಮಧ್ಯಾಹ್ನ ಅದು ಸ್ಕೆಚ್ ಪೆನ್ನಿನಿಂದ ಕಲ್ಲಿಗೆ ಎರಡು ಕಣ್ಣು, ಒಂದು ನಗುವ ಬಾಯಿ ಬರೆದಿತ್ತು. ಒಂದು ಆಟ ಮುಗಿದ ಮೇಲೆ ನಂಜ ಡೋಲು ಕೆಳಗಿಟ್ಟು ನೇರ ಅಲ್ಲಿಗೆ ನಡೆದ. ಮಗುವಿನ ಮುಂದೆ ಮೊಣಕಾಲೂರಿ, ಬೊಗಸೆ ಒಡ್ಡಿದ. ಕ್ಯಾಮೆರಾಗಳು ಫಳಫಳ ಮಿಂಚಿದವು. ಪಟ್ಟೆ ಬಳಿದ ಮುಖ ಅಷ್ಟು ಹತ್ತಿರ ಬಂದದ್ದಕ್ಕೆ ಮಗು ಚೀರಿಟ್ಟು ಅಮ್ಮನ ಮಡಿಲಿಗೆ ಬಿತ್ತು.

"ಏಯ್, ದೂರ! ದೂರ ನಿಂತ್ಕೊ!" ಅಪ್ಪ ಎದ್ದು ನಿಂತ.

"ಸ್ವಾಮಿ, ಆ ಕಲ್ಲು—"

ಧರ್ಮಲಿಂಗಂ ಹಿಂದಿನಿಂದ ಬಂದು ಸೊಂಟದ ಸೊಪ್ಪಿಗೇ ಕೈ ಹಾಕಿ ಎಳೆದ. ದಾರ ಕಿತ್ತುಬಂತು. ಸೊಪ್ಪು ಒಂದು ಕಡೆ ಜಾರಿ, ಒಳಗಿನ ಖಾಕಿ ಚಡ್ಡಿ ಕಂಡಿತು. ಜನ ಹೋ ಎಂದು ನಕ್ಕರು.

"ಹೆದರ್ಬೇಡಿ ಮೇಡಂ, ಇದೂ ಆಟದಲ್ಲೇ ಸೇರಿದ್ದು" ಎಂದು ಧರ್ಮಲಿಂಗಂ ಮೈಕಿನಲ್ಲಿ ಹೇಳಿದ. "ಎಲ್ಲಾರೂ ಕೈ ತಟ್ಟಿ!"

ನಂಜ ಒಂದು ಕೈಯಲ್ಲಿ ಸೊಪ್ಪು ಹಿಡಿದುಕೊಂಡು ವಾಪಸು ಬಂದ. ಕೆಂಪಿಯ ಕಡೆ ನೋಡಲಿಲ್ಲ. ಡೋಲು ಎತ್ತಿ ಕೊರಳಿಗೆ ಹಾಕಿಕೊಂಡ. ಸ್ವಲ್ಪ ಹೊತ್ತು ಬರಿಗೈಯಲ್ಲಿ ತೊಗಲನ್ನು ಸವರುತ್ತ ನಿಂತ. ಆಮೇಲೆ ಬಾರಿಸಿದ. ಅದು ಹೆಣ ಎತ್ತುವಾಗಿನ ಬಡಿತ.

ಕೊಳಲಿನವನು ಬೆಚ್ಚಿ ನೋಡಿದ. ಮರುಕ್ಷಣ ಅವನೂ ಸೇರಿದ. ಹಾಡಿಯ ಹೆಂಗಸರ ಕಾಲು ತಾವಾಗಿಯೇ ಬದಲಾದವು. ಬಲಕ್ಕೆ ತಿರುಗುತ್ತಿದ್ದ ಸುತ್ತು ಎಡಕ್ಕೆ ತಿರುಗಿತು. ಕಣ್ಣೀರು ಇಳಿದರೂ ಯಾರೂ ಒರೆಸಿಕೊಳ್ಳಲಿಲ್ಲ. ಬೆಂಕಿಯ ಝಳಕ್ಕೆ ಎಲ್ಲರ ಮುಖವೂ ಒಂದೇ ರೀತಿ ಹೊಳೆಯುತ್ತಿತ್ತು.

ಕುರ್ಚಿಯವರಿಗೆ ಆ ಬಡಿತ ಬಹಳ ಹಿಡಿಸಿತು. ಒಬ್ಬೊಬ್ಬರಾಗಿ ಎದ್ದು ಬಂದು ಸುತ್ತಿನೊಳಗೆ ಸೇರಿದರು. ಭವ್ಯಾ ಕೆಂಪಿಯ ಕೈ ಹಿಡಿದುಕೊಂಡಳು.

"ಇದು ಎಲ್ಲದಕ್ಕಿಂತ ಚೆನ್ನಾಗಿದೆ ಕಣಮ್ಮ. ಕಾಲು ಹೆಂಗೆ ಹಾಕೋದು, ಹೇಳಿಕೊಡು."

ಕೆಂಪಿ ಹೇಳಿಕೊಟ್ಟಳು. ಒಂದು ಹೆಜ್ಜೆ ಮುಂದೆ, ಎರಡು ಹಿಂದೆ. ಹೊತ್ತವರು ಹೆಣ ಬಿಟ್ಟುಕೊಡಲು ಮನಸ್ಸಿಲ್ಲದೆ ಇಡುವ ಹೆಜ್ಜೆ. ಭವ್ಯಾ ಬೇಗ ಕಲಿತಳು.

ಬೆಳಗ್ಗೆ ಅವರು ಹೊರಟರು. ಕಾರಿನ ಕಿಟಕಿಯಿಂದ ಮಗು ಕಲ್ಲಿನ ನಗುಮುಖವನ್ನು ಹೊರಗೆ ತೋರಿಸಿ ಟಾಟಾ ಮಾಡಿತು. ಫೈಬರಿನ ಆನೆ ನೀರು ಚಿಮ್ಮಿಸಿತು. ಕಾರು ಮೈಸೂರು ರಸ್ತೆಗೆ ತಿರುಗಿ ಧೂಳೆಬ್ಬಿಸುವವರೆಗೆ ಕೆಂಪಿ ಮೆಟ್ಟಿಲ ಮೇಲೆ ನಿಂತಿದ್ದಳು.

"ಬೇಗ ಕ್ಲೀನ್ ಮಾಡು, ಕೊಯಮತ್ತೂರು ಪಾರ್ಟಿ ಗೇಟಲ್ಲೇ ಅದೆ!" ಧರ್ಮಲಿಂಗಂ ಕೂಗಿ ಹೋದ.

ಅವಳು ಒಳಗೆ ಹೋದಳು. ಬಚ್ಚಲ ಕಟ್ಟೆಯ ಮೇಲೆ, ಕಲ್ಲು ಕೂತಿದ್ದಲ್ಲಿ, ಒಂದು ಜಿಡ್ಡಿನ ಗುರುತು ಉಳಿದಿತ್ತು. ತೊಳೆದರೂ ಕಲ್ಲಿನ ಒಳಗೆ ಎಲ್ಲೋ ಎಣ್ಣೆ ಉಳಿದು ರಾತ್ರಿಯಿಡೀ ಜಿನುಗಿತ್ತು. ಒರೆಸುವ ಬಟ್ಟೆ ಹಿಡಿದ ಕೈ ಅಲ್ಲಿಗೆ ಹೋಗಿ ನಿಂತಿತು. ಹೆಣ ಎದ್ದ ಜಾಗವನ್ನು ಅಂದೇ ಗುಡಿಸುವುದಿಲ್ಲ, ಒರೆಸುವುದಿಲ್ಲ. ಅಲ್ಲೊಂದು ದೀಪ ಹಚ್ಚಿ, ಅದು ತಾನಾಗಿ ಆರುವವರೆಗೆ ಮನೆಯವರು ಕೂತಿರಬೇಕು.

ಗೆಸ್ಟುಗಳು ಕುಡಿದಿಟ್ಟ ಕಾಫಿಯ ಸಾಸರು ತೊಳೆದಳು. ಅವರು ಬಿಟ್ಟುಹೋದ ತಲೆಗೆಣ್ಣೆಯ ಬಾಟಲಿಯನ್ನು ಅದರಲ್ಲಿ ಬಗ್ಗಿಸಿದಳು. ಸೆರಗಿನ ಅಂಚು ಹರಿದು ಬತ್ತಿ ಹೊಸೆದಳು. ಸೊಳ್ಳೆ ಬತ್ತಿಯ ಪಕ್ಕದಲ್ಲಿದ್ದ ಬೆಂಕಿಪೊಟ್ಟಣದಿಂದ ಕಡ್ಡಿ ಗೀರಿ, ಜಿಡ್ಡಿನ ಗುರುತಿನ ಮುಂದೆ ದೀಪವಿಟ್ಟಳು. ಪೊರಕೆಯನ್ನು ಹೊಸ್ತಿಲಿಗೆ ಅಡ್ಡಲಾಗಿ ಎಸೆದು ಬಂದು, ಬಚ್ಚಲ ಬಾಗಿಲಲ್ಲಿ ಮೊಣಕಾಲು ಮಡಿಸಿ ಕೂತಳು.

ಹೊರಗೆ ಸೂಟ್‌ಕೇಸಿನ ಚಕ್ರಗಳು ಜಲ್ಲಿಯ ಮೇಲೆ ಗರಗರ ಬಂದವು. ಧರ್ಮಲಿಂಗಂ ಇಣುಕಿದ. ಮುಖದಲ್ಲಿ ಗೆಸ್ಟುಗಳಿಗಾಗಿ ಇಟ್ಟುಕೊಂಡ ನಗು ಹಾಗೇ ಇತ್ತು. ಹಲ್ಲಿನ ಸಂದಿಯಿಂದ ಮಾತು ಬಂತು.

"ಏಳೇ, ಬೇವಾರ್ಸಿ. ಏಳು. ಪಾರ್ಟಿ ಬಂದ್ರು."

"ಆಗಾದು ಸಾರ್."

"ನಿನ್ನ ಹಾಡೀನೇ ಮುಚ್ಚಿಸ್ತೀನಿ, ಏಳು!"

"ಆರೋ ತನಕ ಏಳಕೆ ಆಗಾದು."

ಅವನ ಹಿಂದಿನಿಂದ ಕತ್ತು ಚಾಚಿದ ಹೊಸ ಗೆಸ್ಟೊಬ್ಬಳ ಕೊರಳಲ್ಲಿ ಸ್ವಾಗತದ ಮಣಿಸರವಿತ್ತು. ಅವಳು ದೀಪವನ್ನು ನೋಡಿದಳು, ಕೂತ ಹೆಂಗಸನ್ನು ನೋಡಿದಳು. ಗಂಡನನ್ನು ಕರೆದು ಬೆರಳು ತೋರಿಸಿದಳು. ಅವನು ಹೆಗಲಿನ ಚೀಲದಿಂದ ಹ್ಯಾಂಡಿಕ್ಯಾಮ್ ಹೊರತೆಗೆದ.

ಬಾಗಿಲು ತೆರೆದದ್ದಕ್ಕೆ ಗಾಳಿ ಒಳಗೆ ನುಗ್ಗಿ ಬತ್ತಿ ಓಲಾಡಿತು. ಕೆಂಪಿ ಅವರ ಕಡೆ ತಿರುಗಲಿಲ್ಲ. ಹರಿದ ಸೆರಗನ್ನು ಎರಡು ಕೈಯಲ್ಲೂ ಬಿಡಿಸಿ ದೀಪಕ್ಕೆ ಅಡ್ಡ ಹಿಡಿದಳು.