ಕಲ್ಲುಗುಡ್ಡದ ಪಾಲು

ಮರ ಉರುಳಿದ ಸದ್ದು ಕಣಿವೆಯಲ್ಲಿ ಅಡಗುವ ಮೊದಲೇ ಇಸಾಬುರೊ ತಿರುಗಿ ಅಣ್ಣನ ಮುಖ ನೋಡಿದ. ಇದನ್ನು ನೋಡಲೆಂದೇ ಅಣ್ಣ ಟೊಕುಜಿಯನ್ನು ಹೇಳಿ ಕರೆಸಿದ್ದ. ಯೊಶಿನೊದಲ್ಲಿ ಸಾಕೆ ಎಂಬ ಅಕ್ಕಿಮದ್ಯ ತುಂಬುವ ಪೀಪಾಯಿ ಮಾಡುವವರಲ್ಲಿ ಹಿರಿಯನಾದ ಮುನೆಯೊಶಿ ಮೂರು ಹಳ್ಳಿ ದಾಟಿ ಬಂದು ಕೇಳಿದ್ದು ಇಸಾಬುರೊನ ಕಲ್ಲುಗುಡ್ಡದ ಸುಗಿ ಮರವನ್ನು, ಅಣ್ಣನದನ್ನಲ್ಲ. ಇದೊಂದು ಒಪ್ಪಿಗೆಯಾದರೆ ಇಡೀ ಗುಡ್ಡವೇ ಪೀಪಾಯಿಗೆ ಹೋಗುತ್ತಿತ್ತು.

ಅಪ್ಪ ಒಂದೇ ವರ್ಷ, ಒಂದೇ ಮಡಿಯ ಸಸಿಗಳನ್ನು ಎರಡೂ ಕಡೆ ನೆಟ್ಟಿದ್ದ. ಪಾಲು ಮಾಡುವಾಗ ಹೊಳೆಬದಿಯ ಕಪ್ಪುಮಣ್ಣು ಹಿರಿಯನಿಗೆ ಹೋಯಿತು, ಮೇಲಿನ ಕಲ್ಲುಮಣ್ಣು ಕಿರಿಯನಿಗೆ ಬಂತು. ಅಣ್ಣನ ಮರಗಳು ತಬ್ಬಿದರೆ ಕೈ ಕೂಡದಷ್ಟು ದಪ್ಪವಾದವು. ಇವನವು ಸೊರಗಿ ನಿಂತವು. ಇಸಾಬುರೊಗೆ ಅನ್ನ ಸೇರುತ್ತಿರಲಿಲ್ಲ. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರೇಕೆ? ಮದುವೆಯಾದ ವರ್ಷದಿಂದ ಪ್ರತಿ ವಸಂತದಲ್ಲೂ ಮೀನುಗೊಬ್ಬರ, ಸೋಯಾ ಹಿಂಡಿ, ಹೊಳೆಯ ಕಪ್ಪುಮಣ್ಣು ಎಲ್ಲವನ್ನೂ ಬುಟ್ಟಿಗೆ ತುಂಬಿ, ಬೆನ್ನ ಮೇಲೆ ಹೊತ್ತು ಗುಡ್ಡ ಹತ್ತಿದ.

"ಮರಕ್ಕೆ ಬಾಣಂತನ ಮಾಡೋರನ್ನ ಇಲ್ಲೇ ನೋಡಿದ್ದು" ಎಂದು ಹೆಂಡತಿ ಕಿನುಯೊ ನಗುತ್ತಿದ್ದಳು. ನಗಲಿ. ಮರಗಳು ದಪ್ಪವಾದವು, ಅವನಿಗೂ ಊಟ ರುಚಿಸತೊಡಗಿತು.

ಮುನೆಯೊಶಿ ಮಂಡಿಯೂರಿ, ಕೊಯ್ದ ಮರದ ಮುಖದ ಮೇಲಿನ ಹೊಟ್ಟನ್ನು ಅಂಗೈಯಿಂದ ಒರೆಸಿದ. ನಡುವೆ ಉಂಗುರಗಳು ಕೂದಲೆಳೆಯಂತೆ ಒತ್ತಾಗಿದ್ದವು. ಮುದುಕನ ಮುಖ ಅರಳಿತು. ಪೀಪಾಯಿಯ ಹಲಗೆ ಸೀಳುವುದು ಕೆಂಪು ತಿರುಳು ಹೊರಗಿನ ಬಿಳಿ ಮರವನ್ನು ಸೇರುವ ಅಂಚಿನಲ್ಲಿ. ಬೆರಳು ಆ ಕಡೆ ಸರಿಯಿತು, ಅಂಚು ಮುಟ್ಟುವ ಮೊದಲೇ ನಿಂತಿತು. ಅಲ್ಲಿಂದಾಚೆ ಒಂದೊಂದು ಉಂಗುರವೂ ಅಕ್ಕಿಕಾಳಿನಷ್ಟು ಅಗಲವಾಗಿತ್ತು.

"ಏನು ಹಾಕಿದ್ರಿ ಬುಡಕ್ಕೆ?"

ಇಸಾಬುರೊ ಹೇಳಿದ.

"ಎಲ್ಲಾ ಮರಕ್ಕೂನಾ?"

"ಎಲ್ಲಕ್ಕೂ."

"ಅಯ್ಯೋ ಮಾರಾಯ್ರೆ. ಇಷ್ಟು ಮೆತ್ತಗಿರೋ ಹಲಗೆ ಸೋರುತ್ತೆ. ಹೊಳೆಬದಿ ಮರ ಬೇಕಿದ್ರೆ ಈ ವಯಸ್ಸಲ್ಲಿ ನಾನ್ಯಾಕೆ ಗುಡ್ಡ ಹತ್ತಲಿ? ಇಂಥ ಬಡಮಣ್ಣಲ್ಲೇ ಮರ ನಿಧಾನ ಬೆಳೆದು ಗಟ್ಟಿಯಾಗೋದು. ನಿಮ್ಮಪ್ಪ ನಿಮಗೆ ಕೊಟ್ಟಿದ್ದು ಚಿನ್ನದಂಥ ಪಾಲು."

ಅವನು ಟೋಪಿ ಹಾಕಿಕೊಂಡು ಇಳಿದುಹೋದ.

"ಅಪ್ಪ ಒಂದು ಮಾತು ಹೇಳ್ಬಾರ್ದಿತ್ತಾ?" ಎಂದ ಇಸಾಬುರೊ.

"ನನ್ ಹತ್ರ ಹೇಳಿದ್ದ" ಎಂದ ಟೊಕುಜಿ. "ಗುಡ್ಡ ಚಿಕ್ಕೋನಿಗಿರ್ಲಿ, ಮಣ್ಣು ಮುಟ್ಬೇಡ ಅಂತ ಅವನಿಗೆ ತಿಳಿಸಿ ಹೇಳು ಅಂದಿದ್ದ. ಒಳ್ಳೇದೆಲ್ಲ ಯಾವಾಗ್ಲೂ ನಿನಗೇ ಎತ್ತಿಡ್ತಿದ್ದ ಕಣೋ. ನನಗೆ ಉರೀತಿತ್ತು."

"ನಾನು ಬುಟ್ಟಿ ಹೊರೋದು ನೋಡ್ತಿದ್ಯಾ?"

"ಪ್ರತಿ ವರ್ಷ. ಜಗುಲಿ ಮೇಲೆ ಚಾ ಕುಡೀತಾ ನೋಡ್ತಿದ್ದೆ."

ಇಸಾಬುರೊನ ಕೈಯಲ್ಲಿ ಕೊಡಲಿ ಇತ್ತು. ಅದನ್ನು ನೆಲಕ್ಕಿಟ್ಟು, ಉಳಿದ ಬುಡದ ಮೇಲೆ ಕುಳಿತ. ಸ್ವಲ್ಪ ಹೊತ್ತಾದ ಮೇಲೆ ಟೊಕುಜಿಯೂ ಬಂದು ಅದೇ ಬುಡದ ಮೇಲೆ ಆಚೆ ಬದಿಗೆ ಮುಖ ಮಾಡಿ ಕುಳಿತ. ಇಬ್ಬರೂ ಬೆನ್ನು ತಾಗದಂತೆ ಕೂರುವಷ್ಟು ಅದು ದಪ್ಪವಾಗಿತ್ತು.