ಲಗ್ನ ಆದಮೇಲೆ ಆಯೇರಿ

ಗೋಗಿಯ ಲಾಲಮ್ಮ ಊರವರ ಹದಿನೆಂಟು ಜೋಡಿ ಕೂಡಿಸಿದವಳು. ಹೆತ್ತ ಮಗ ಪ್ರವೀಣಕುಮಾರನಿಗೆ ಮಾತ್ರ ಒಂದು ಹೆಣ್ಣು ಗೊತ್ತು ಮಾಡಲು ಅವಳಿಂದ ಆಗಲಿಲ್ಲ. ಶಹಾಪುರದಲ್ಲಿ ಮೋಟರ್ ರಿಪೇರಿ ಅಂಗಡಿ ಇಟ್ಟಿರುವ ಮಗನಿಗೆ ವಯಸ್ಸು ಮೂವತ್ತೆರಡು. ಅವ್ವ ತೋರಿಸಿದವರನ್ನೆಲ್ಲ ಬೇಡ ಎಂದ. "ಮೊದಲ ಮಾತಾಡಿ ನೋಡ್ತೀನಿ, ಮನಸ್ಸು ಕೂಡಬೇಕು" ಎಂದು ಫೋನಿಗೆ ಒಂದು ಡೇಟಿಂಗ್ ಆ್ಯಪ್ ಹಾಕಿಕೊಂಡ.

ವರ್ಷ ಕಳೆಯಿತು. ಆ್ಯಪ್ ತಿಂಗಳು ತಿಂಗಳು ದುಡ್ಡು ತಿಂದಿತು.

"ಯವ್ವಾ, ಏಳು ಮಂದಿ ನನ್ನ ಮೆಚ್ಯಾರಂತ!"

"ಎಲ್ಲಿ, ಮಾರಿ ತೋರಸು."

ಫೋಟೊಗಳೆಲ್ಲ ಮಸುಕು. ಮುಖ ಕಾಣಬೇಕಾದರೆ ಇನ್ನಷ್ಟು ಹಣ ಕಟ್ಟಬೇಕು. ಕಟ್ಟಿದ. ಒಬ್ಬಳಿಗೆ ಆಗಲೇ ಮದುವೆಯಾಗಿ ಕೂಸೂ ಇತ್ತು. ಉಳಿದ ಆರು ಮಂದಿ ಉತ್ತರವನ್ನೇ ಕೊಡಲಿಲ್ಲ. ಬಿಟ್ಟುಬಿಡೋಣ ಅನ್ನುವಷ್ಟರಲ್ಲಿ ಫೋನು ಮತ್ತೆ ಟಿಣ್ ಎಂದಿತು: ಎಂಟನೆಯವಳು ಮೆಚ್ಚಿದ್ದಾಳೆ.

ಅದೇ ವಾರ ಪಕ್ಕದ ಮನೆಯ ಸಪ್ನಾ ಬಂದಳು. ಕಂಪ್ಯೂಟರ್ ಓದಿದ ಹುಡುಗಿ. ನಮ್ಮ ಕಡೆಯವರಿಗಾಗಿ ತಾನೇ ಒಂದು ಆ್ಯಪ್ ಕಟ್ಟುತ್ತಿದ್ದಳು.

"ಚಿಗವ್ವ, ಆ ಆ್ಯಪಿನವರು ತಗೊಳ್ಳೋದ್ರಾಗ ನಾವು ಅರ್ಧಾನ ತಗೊಂತೀವಿ. ಪ್ರವೀಣಣ್ಣಗ ಹೇಳು."

ಲಾಲಮ್ಮ ರೊಟ್ಟಿ ಬಡಿಯುವುದು ನಿಲ್ಲಿಸಿದಳು. "ಅರ್ಧ ತಗೊಂಡ್ರೂ ಅದ ಕಥಿ. ನನ್ನ ಮಗ ಒಬ್ಬಂವ ಇರೋತನಕ ನಿನಗ ರೊಕ್ಕ. ಲಗ್ನ ಆದ್ರ ಗಿರಾಕಿ ಹೋತು. ಅವಗ ಜೋಡಿ ಸಿಗಲಿ ಅಂತ ನಿನಗ್ಯಾಕ ದರಕಾರ?"

"ಹಂಗಾದ್ರ ನೀನು ಹದಿನೆಂಟು ಜೋಡಿ ಹೆಂಗ ಕೂಡ್ಸಿದಿ?"

"ಲಗ್ನ ಆದಮ್ಯಾಗ ಎರಡೂ ಮನಿಯವರು ಆಯೇರಿ ಅಂತ ಒಂದು ಸೀರಿ ಕೊಡ್ತಾರ. ಅದಕಿಂತ ಮೊದಲ ಒಂದು ಕಪ್ ಚಹಾ ಸೈತ ಮುಟ್ಟಂಗಿಲ್ಲ ನಾನು. ಅದಕ್ಕ ಜೋಡಿ ಕೂಡೋತನಕ ನನಗ ನಿದ್ದಿ ಇಲ್ಲ!"

ಸಪ್ನಾ ಎದ್ದು, ಹಿಟ್ಟು ಮೆತ್ತಿದ್ದ ಆ ಕೈಯನ್ನೇ ಹಿಡಿದು ಕುಲುಕಿದಳು.

ಹದಿನೈದು ದಿನದಲ್ಲಿ ಅವಳ ಆ್ಯಪಿನ ನಿಯಮವೇ ಬದಲಾಯಿತು. ಸೇರಲು, ನೋಡಲು, ಮಾತಾಡಲು ದುಡ್ಡಿಲ್ಲ. ಜೋಡಿ ಕೂಡಿದರೆ ಮಾತ್ರ ಒಂದೇ ಸಲ, ಮೊದಲೇ ಬರೆದು ತೋರಿಸಿದಷ್ಟು ಕೊಡಬೇಕು.

"ಲಗ್ನ ಆಗಿ ರೊಕ್ಕ ಕೊಡದ ಓಡಿಹೋದ್ರ?" ಎಂದ ಪ್ರವೀಣ.

"ಚಿಗವ್ವನ್ನ ಬಾಗಲಿಗೆ ಕಳಸ್ತೀನಿ" ಎಂದಳು ಸಪ್ನಾ. ಪ್ರವೀಣ ಕೂಡಲೇ ಹೆಸರು ಬರೆಸಿದ.

ತಿಂಗಳೊಪ್ಪತ್ತಿನಲ್ಲಿ ವಡಗೇರಾದ ಪಂಚಶೀಲಾ ಎಂಬ ಶಿಕ್ಷಕಿ ಆ್ಯಪಿನಲ್ಲೇ ಅವನ ಜೊತೆ ಮಾತಿಗೆ ಸಿಕ್ಕಳು. ಲಾಲಮ್ಮ ಸಪ್ನಾಳ ಬೆನ್ನು ಹತ್ತಿದಳು.

"ಆಕಿ ನಂಬರ್ ಕೊಡು, ನಾನ ಮಾತಾಡ್ತೀನಿ."

"ಆಕಿ ಹೂಂ ಅನ್ನೋತನಕ ಯಾರಿಗೂ ನಂಬರ್ ಇಲ್ಲ ಚಿಗವ್ವ. ನಿನಗೂ ಇಲ್ಲ, ನಿನ್ನ ಮಗಗೂ ಇಲ್ಲ."

ಲಾಲಮ್ಮ ಗೊಣಗಿದಳು. ಆದರೆ ತನಗೊಬ್ಬ ಮಗಳಿದ್ದಿದ್ದರೆ ತಾನೂ ಇದೇ ನಿಯಮ ಬೇಕೆನ್ನುತ್ತಿದ್ದೆ ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ.

ಪಂಚಶೀಲಾ ಹೂಂ ಅಂದಳು. ಹಾಡಹಗಲು ಯಾದಗಿರಿ ಬಸ್ ನಿಲ್ದಾಣದ ಕ್ಯಾಂಟೀನಿನಲ್ಲಿ ಭೇಟಿ. ಲಾಲಮ್ಮ ಪಕ್ಕದ ಟೇಬಲಿನಲ್ಲಿ ಯಾರೋ ಎಂಬಂತೆ, ಆದರೆ ಕಿವಿಯನ್ನೆಲ್ಲ ಇತ್ತಲೇ ಇಟ್ಟು ಕುಳಿತಿದ್ದಳು.

"ಇಲ್ಲೇ ಬರ್ರಿ ಅತ್ತಿ, ದೂರ ಕುಂತ್ರ ಪೂರಾ ಕೇಳಸಂಗಿಲ್ಲ" ಎಂದಳು ಪಂಚಶೀಲಾ. "ನಿಮ್ಮ ಮಗ ರೊಟ್ಟಿ ಬಡಿತೀನಿ ಅಂತ ಬರದಾರ. ಖರೇ ಏನ್ರಿ?"

"ಬಡಿತಾನವ್ವ. ತಿನ್ನಾಕ ಧೈರ್ಯ ಬೇಕು."

ಪಂಚಶೀಲಾ ಚಹಾ ಚೆಲ್ಲುವಷ್ಟು ನಕ್ಕಳು. ಪ್ರವೀಣ ತಲೆ ತಗ್ಗಿಸಿದ.

"ಧೈರ್ಯ ನನಗ ಅದ ರೀ" ಎಂದಳು ಅವಳು, ಅವನ ಕಡೆ ನೋಡಿ.

ಮೂರು ತಿಂಗಳಿಗೆ ಲಗ್ನವಾಯಿತು. ಅಂದೇ ಸಪ್ನಾಳಿಗೆ ಬರೆದಷ್ಟು ದುಡ್ಡು ಸಂದಿತು, ಆ್ಯಪಿನಲ್ಲಿ ಇಬ್ಬರ ಖಾತೆಯೂ ಮುಚ್ಚಿತು. ಇಬ್ಬರು ಗಿರಾಕಿಗಳನ್ನು ಕಳೆದುಕೊಂಡ ಸಪ್ನಾಳಷ್ಟು ಖುಷಿಯಾಗಿ ಆ ಲಗ್ನದಲ್ಲಿ ಕುಣಿದವರು ಬೇರೆ ಇಲ್ಲ.

ಅಕ್ಕ, ಅಣ್ಣ, ಸಂಗಾತಿಯನ್ನು ಹುಡುಕುವುದು ನಾಚಿಕೆಯ ಕೆಲಸವಲ್ಲ. ಆದರೆ ಯಾವ ಆ್ಯಪಿಗಾದರೂ ಹಣ ಕಟ್ಟುವ ಮುಂಚೆ ಒಂದು ಮಾತು ಕೇಳಿಕೊಳ್ಳಿ: ನನಗೆ ಜೋಡಿ ಸಿಕ್ಕರೆ ಇವರಿಗೆ ಲಾಭವೋ, ನಷ್ಟವೋ? ನಷ್ಟವಾದರೆ ಅಲ್ಲಿ ಪೈಸೆ ಇಡಬೇಡಿ. ಮೊದಲ ಭೇಟಿ ಹಗಲಿನಲ್ಲಿ, ನಾಲ್ಕು ಮಂದಿ ಇರುವ ಕಡೆ ಆಗಲಿ. ಒಲ್ಲೆ ಎಂದವರ ಬೆನ್ನು ಹತ್ತಬೇಡಿ. ಹೂಂ ಎಂದವರ ಎದುರು ಕುಳಿತು, ಸುಳ್ಳು ಹೇಳದೆ, ಹೊಟ್ಟೆತುಂಬ ನಗಿ.