ಅಗಲ ಬೆಳಕಿನ ಟಾರ್ಚು

ಉಮಾಶಂಕರನಿಗೆ ಬೇಕಾಗಿದ್ದದ್ದು ದೊಡ್ಡ ವಸ್ತುವೇನಲ್ಲ. ಶರಟಿನ ಜೇಬಿನಲ್ಲಿ ಹಿಡಿಯಬೇಕು, ಗುಂಡಿ ಒತ್ತಿದರೆ ತಕ್ಷಣ ಹತ್ತಬೇಕು, ಇಲ್ಲದ ಬೆಡಗು ಬಿನ್ನಾಣ ಇರಬಾರದು, ಬೆಳಕು ಅಗಲವಾಗಿ ಬೀಳಬೇಕು. ಮೊದಲಿನವಕ್ಕೆಲ್ಲ ಒಪ್ಪುವ ಟಾರ್ಚು ವಿಜಯವಾಡದ ಯಾವ ಬೀದಿಯಲ್ಲಾದರೂ ಸಿಗುತ್ತಿತ್ತು. ಕೊನೆಯದಕ್ಕೆ ಒಪ್ಪುವಂಥದ್ದು ಮಾತ್ರ ಈ ಭೂಮಿಯ ಮೇಲೆ ಯಾರೂ ಮಾಡಿದಂತಿರಲಿಲ್ಲ.

ಭವಾನಿಪುರಂನ ಬಾಡಿಗೆ ಮನೆಯ ಕಪಾಟಿನಲ್ಲಿ ಅವನು ಬೇಡವೆಂದ ಟಾರ್ಚುಗಳು ನಿವೃತ್ತಿ ಪಡೆದು ಮಲಗಿದ್ದವು. ಮೂರು ಸೆಲ್ಲಿನ ಉದ್ದನೆಯ ಬಿಳಿಯದೊಂದು, ಕೆಂಪು ಪ್ಲಾಸ್ಟಿಕ್ಕಿನದೊಂದು, ವಿಶಾಖಪಟ್ಟಣದಲ್ಲಿದ್ದಾಗ ಚಿಕ್ಕಣ್ಣ ತಂದುಕೊಟ್ಟ ಪರದೇಶದ ಕರಿಯದೊಂದು. ಚಿಕ್ಕಣ್ಣ ನೌಕಾದಳದವನು, ಹಾಸನದ ಕಡೆಯವನು. ಕನ್ನಡದವರು ಎಂಬ ಒಂದೇ ಕಾರಣಕ್ಕೆ ಇವರ ಮನೆಗೆ ಬಂದು ಉಪ್ಪಿಟ್ಟು ತಿಂದು ಹೋಗುವಷ್ಟು ಬಳಕೆಯಾಗಿದ್ದ. “ಇದನ್ನ ಸಮುದ್ರಕ್ಕೆ ಎಸೆದ್ರೂ ಉರೀತದೆ ಸಾರ್,” ಎಂದು ಹೇಳಿ ಕೊಟ್ಟಿದ್ದ. ಉರಿಯುತ್ತಿತ್ತು, ಸುಳ್ಳಲ್ಲ. ಉಮಾಶಂಕರ ಒಂದು ವಾರ ಹಿಡಿದು ಓಡಾಡಿ, “ಬೆಳಕು ಕೊಳವೆ ಥರ ಬೀಳುತ್ತೆ ಕಣೇ. ನಡುವೆ ಕಾಣುತ್ತೆ, ಅಕ್ಕಪಕ್ಕ ಏನೇನೂ ಇಲ್ಲ,” ಎಂದು ಅದನ್ನೂ ಕಪಾಟಿಗೆ ಸೇರಿಸಿದ. ಮಾರನೆಯ ದಿನ ಕರೆಂಟು ಹೋದಾಗ ಹೆಂಡತಿ ಮಂಗಳಾಗೌರಿ ಅದನ್ನು ಅಡುಗೆಮನೆಯಲ್ಲಿ ಹತ್ತಿಸಿದಳು. ಒಲೆಕಟ್ಟೆಯಿಂದ ಹಿಡಿದು ಉಪ್ಪಿನಕಾಯಿ ಜಾಡಿಯವರೆಗೆ ಇಡೀ ಗೋಡೆ ಬೆಳಗಿತು.

ಆವತ್ತೇ ಅವಳಿಗೆ ಗೊತ್ತಾಗಿದ್ದು. ಕೊಳವೆಯಾಗಿದ್ದದ್ದು ಟಾರ್ಚಿನ ಬೆಳಕಲ್ಲ, ಗಂಡನ ಕಣ್ಣು.

ಗೊತ್ತಾಗಲು ಇಷ್ಟು ವರ್ಷ ಹಿಡಿದದ್ದಕ್ಕೆ ಬ್ಯಾಂಕಿನ ವರ್ಗಾವಣೆಯೂ ಒಂದು ಕಾರಣ. ಒಂದೇ ಊರಿನಲ್ಲಿ ಇದ್ದಿದ್ದರೆ, ನಿನ್ನೆ ಕಂಡ ಮೆಟ್ಟಿಲು ಇವತ್ತು ಯಾಕೆ ಕಾಣಲಿಲ್ಲ ಎಂದು ಯಾರಾದರೂ ಕೇಳುತ್ತಿದ್ದರು. ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟುವವರಿಗೆ ಎಲ್ಲ ಮೆಟ್ಟಿಲೂ ಹೊಸವು. ವಿಶಾಖಪಟ್ಟಣದಲ್ಲಿ ಎಡವಿದಾಗ ಅವನು ಸಮುದ್ರದ ಉಪ್ಪುಗಾಳಿಯನ್ನು ಬೈದಿದ್ದ, ಅದು ಬೀದಿದೀಪಗಳನ್ನು ಮಂಕು ಮಾಡುತ್ತದೆ ಎಂದು. ವಿಜಯವಾಡಕ್ಕೆ ಬಂದಮೇಲೆ ವೋಲ್ಟೇಜನ್ನು ಬೈಯುತ್ತಿದ್ದ. ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂಬ ಗಾದೆ ಮಂಗಳಾಗೌರಿಯ ನಾಲಿಗೆಯ ತುದಿಗೆ ಬಂದದ್ದುಂಟು. ಕಟ್ಟಿಕೊಂಡವನ ಕಣ್ಣಿನ ಮೇಲೆ ಗಾದೆ ಹೇಳುವಷ್ಟು ಗಟ್ಟಿ ಎದೆ ಅವಳದಲ್ಲ.

ಹಗಲಿನಲ್ಲಿ ಅವನದು ಹದ್ದಿನ ಕಣ್ಣು. ಚೆಕ್ಕಿನ ಮೇಲಿನ ಕಳ್ಳ ಸಹಿಯನ್ನು ಕೈಯಲ್ಲಿ ಹಿಡಿದ ಕೂಡಲೇ ಪತ್ತೆ ಹಚ್ಚುತ್ತಾನೆಂದು ಬ್ಯಾಂಕಿನಲ್ಲಿ ಹೆಸರಾಗಿತ್ತು. ಸೂರ್ಯ ಮುಳುಗಿದರೆ ಆ ಹೆಸರೂ ಮುಳುಗುತ್ತಿತ್ತು. ಮನೆಯೊಡತಿ ಗಂಗಾಭವಾನಿ ಒಂದು ಸಂಜೆ ಗೇಟಿನ ಬಳಿ ನಿಂತು ಅವನ ಮುಂದೆ ಪುಳಿಹೋರೆಯ ತಟ್ಟೆ ಚಾಚಿದರೆ, ಅವನು ತಟ್ಟೆಯನ್ನೂ ನೋಡದೆ ಅವಳನ್ನೂ ನೋಡದೆ ನೆಟ್ಟಗೆ ಒಳಗೆ ಬಂದಿದ್ದ. “ನಿಮ್ಮವರಿಗೆ ಸ್ವಲ್ಪ ಗರ್ವ ಅಲ್ಲವಾ ಅಂಡಿ?” ಎಂದು ಆಕೆ ತೆಲುಗಿನಲ್ಲಿ ನಯವಾಗಿಯೇ ಕೇಳಿದಳು. “ಬ್ಯಾಂಕಿನ ಕೆಲಸ, ತಲೆ ತುಂಬಾ ಚಿಂತೆ,” ಎಂದು ಮಂಗಳಾಗೌರಿ ತಟ್ಟೆ ಇಸಿದುಕೊಂಡಳು. ಗಂಡನಿಗೆ ಕುರುಡು ಎನ್ನುವುದಕ್ಕಿಂತ ಗರ್ವ ಎನ್ನಿಸಿಕೊಳ್ಳುವುದೇ ಮೇಲು ಎಂದು ಆ ಹೊತ್ತಿಗೆ ತೋರಿತ್ತು.

ಇದಕ್ಕೆಲ್ಲ ಮೂಲ ಅವನ ಮನೆತನದ ಊರಾದ ತಿಪಟೂರಿನಲ್ಲಿತ್ತು. ಮದುವೆಯ ಮಾತುಕತೆಯಾದಾಗ ಸಂಬಂಧ ತಂದವರು ಅವಳ ಅಪ್ಪನಿಗೆ ಒಂದು ಮಾತು ಹೇಳಿದ್ದರು: “ಆ ಮನೆ ಗಂಡಸರು ದೀಪ ಹಚ್ಚಿದ ಮೇಲೆ ಹೊಸ್ತಿಲು ದಾಟೋರಲ್ಲ ಸ್ವಾಮಿ.” ಇಸ್ಪೀಟಿಲ್ಲ, ಕುಡಿತವಿಲ್ಲ, ಕಂಡವರ ಜಗಲಿ ಕಾಯುವುದಿಲ್ಲ ಎಂದು ಅಪ್ಪ ಹಿಗ್ಗಿ ಹೀರೇಕಾಯಿಯಾಗಿದ್ದರು. ಮದುವೆಯ ನಂತರ ಅವಳೂ ಕಂಡಿದ್ದಳು. ಉಮಾಶಂಕರನ ದೊಡ್ಡಪ್ಪ ಮುಸ್ಸಂಜೆಗೆ ಕೈಕಾಲು ತೊಳೆದು ಜಗಲಿಯ ಕಂಬಕ್ಕೆ ಒರಗಿ ಕೂತರೆ ಬೆಳಗಿನವರೆಗೆ ಯಾರು ಕರೆದರೂ ಏಳುತ್ತಿರಲಿಲ್ಲ. ಶಿಸ್ತಿನ ಮನುಷ್ಯ ಎಂದು ಊರೆಲ್ಲ ಕೊಂಡಾಡುತ್ತಿತ್ತು. ಪೀಳಿಗೆಯಿಂದ ಪೀಳಿಗೆಗೆ ಇಳಿದು ಬಂದ ಕಣ್ಣಿನ ರೋಗವೊಂದಕ್ಕೆ ಒಂದು ಮನೆತನ ಸದ್ಗುಣ ಎಂದು ಹೆಸರಿಟ್ಟುಕೊಂಡು, ಅದರ ಮೇಲೆ ಹೆಣ್ಣನ್ನೂ ತಂದುಕೊಂಡಿತ್ತು.

ಇಷ್ಟಾಗಿಯೂ ದಿನ ನೂಕಬಹುದಿತ್ತು. ಎಂಬತ್ತೆಂಟರ ಮಳೆಗಾಲ ಮುಗಿಯುವ ಹೊತ್ತಿಗೆ ಬಡ್ತಿ ಬಂತು. ಗನ್ನವರಂನಿಂದ ಒಳಗೆ ಒಂದು ಹಳ್ಳಿಯ ಶಾಖೆಗೆ ಮ್ಯಾನೇಜರು. ಬ್ಯಾಂಕಿಗೆ ಸೇರಿದಂದಿನಿಂದ ಉಮಾಶಂಕರ ಕಾಯುತ್ತಿದ್ದದ್ದು ಆ ಪದವಿಗೇ. ಆದರೆ ಹಳ್ಳಿಯ ಮ್ಯಾನೇಜರ ಕೆಲಸ ಕುರ್ಚಿಯ ಮೇಲಲ್ಲ, ಗಾಡಿಯ ಮೇಲೆ. ಸಾಲ ತೆಗೆದುಕೊಂಡ ರೈತ ಹಗಲು ಹೊಲದಲ್ಲಿರುತ್ತಾನೆ. ಅವನನ್ನು ಹಿಡಿಯಬೇಕೆಂದರೆ ಸಂಜೆಯೇ ಹೋಗಬೇಕು, ಹೋಗುವ ದಾರಿಯೆಲ್ಲ ಕಾಲುವೆಯ ಏರಿ. ಒಂದು ಪಕ್ಕ ಗದ್ದೆ, ಇನ್ನೊಂದು ಪಕ್ಕ ಕೃಷ್ಣೆಯ ನೀರು ಆಳುದ್ದ ಹರಿಯುತ್ತಿರುತ್ತದೆ. ನಡುವೆ ತಡೆಗೋಡೆ ಎಂಬುದಿಲ್ಲ.

“ಬೇಡ ರೀ,” ಎಂದಳು ಮಂಗಳಾಗೌರಿ.

“ಯಾಕೆ?”

“ಪದ್ಮಾ ಹಾಸ್ಟೆಲಿಂದ ರಜಕ್ಕೆ ಬಂದ್ರೆ ಆ ಹಳ್ಳೀಲಿ ಏನ್ ಮಾಡ್ತಾಳೆ?” ಎಂದು ಮಗಳನ್ನು ಮುಂದೆ ಮಾಡಿದಳು.

“ಎಮ್ಮೆ ಹಾಲು ಕುಡೀತಾಳೆ,” ಎಂದು ಅವನು ನಕ್ಕ. “ಒಂದು ಒಳ್ಳೆ ಟಾರ್ಚ್ ಸಿಕ್ಕಿಬಿಟ್ರೆ ಸಾಕು ಕಣೇ, ಒಪ್ಕೊಂಡುಬಿಡ್ತೀನಿ. ಸೋಮವಾರದೊಳಗೆ ಹೇಳ್ಬೇಕು.”

ಮಂಗಳಾಗೌರಿಯ ಬಾಯಲ್ಲಿ ಬಿಸಿತುಪ್ಪ ಬಿದ್ದಂತಾಯಿತು. ಕಣ್ಣಿನ ಮಾತು ಎತ್ತಿದರೆ ಅವನ ಜೀವಮಾನದ ಆಸೆಗೆ ತಾನೇ ಕೊಳ್ಳಿ ಇಟ್ಟಂತೆ. ಎತ್ತದಿದ್ದರೆ ಯಾವುದೋ ಒಂದು ಸಂಜೆ ಕಾಲುವೆಯಿಂದ ಸ್ಕೂಟರು ಎತ್ತುವವರು ಬಂದು ಬಾಗಿಲು ತಟ್ಟುತ್ತಾರೆ. ಅವಳಿಗೆ ಉಳಿದಿದ್ದದ್ದು ಒಂದೇ ಮೊರೆ. ದುರ್ಗಮ್ಮನ ಬೆಟ್ಟದ ಕಡೆ ತಿರುಗಿ, ಇವರಿಗೆ ಒಪ್ಪುವ ಟಾರ್ಚು ಸಿಗದೆ ಇರಲಿ ತಾಯೀ ಎಂದು ಕೈ ಮುಗಿದಳು.

ಶನಿವಾರ ಬ್ಯಾಂಕು ಅರ್ಧ ದಿನ. ಊಟ ಮಾಡಿ ಒಂದು ನಿದ್ದೆ ತೆಗೆದು, ಉಮಾಶಂಕರ ಹೆಂಡತಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಗವರ್ನರ್‌ಪೇಟೆಗೆ ಹೊರಟ. ಬಿಸಿಲಿನಲ್ಲಿ ಅವನು ಓಡಿಸುವ ರೀತಿಯಲ್ಲಿ ಒಂದು ಕುಂದೂ ಇರಲಿಲ್ಲ.

ಸತ್ಯಮೂರ್ತಿಯ ಎಲೆಕ್ಟ್ರಿಕ್ ಅಂಗಡಿ ಎರಡು ಹೋಟೆಲುಗಳ ನಡುವೆ ಇಕ್ಕಟ್ಟಿನಲ್ಲಿತ್ತು. ಉಮಾಶಂಕರ ಕೊಂಡು ಹಿಂದಕ್ಕೆ ಕೊಟ್ಟ ಟಾರ್ಚುಗಳು ಎಷ್ಟೆಂದು ಸತ್ಯಮೂರ್ತಿ ಲೆಕ್ಕವಿಟ್ಟಿರಲಿಲ್ಲ, ಮುಖವನ್ನೂ ಸಿಂಡರಿಸುತ್ತಿರಲಿಲ್ಲ. ಗಿರಾಕಿ ಕತ್ತಲೆ ಎಂದರೆ ಅವನಿಗೂ ಕತ್ತಲೆ, ಬೆಳಕು ಎಂದರೆ ಬೆಳಕು. “ರಂಡಿ ಸಾರ್, ಕೂರ್ಚೋಂಡಿ,” ಎಂದು ತೆಲುಗಿನಲ್ಲಿ ಬರಮಾಡಿಕೊಂಡು ಸ್ಟೂಲು ಎಳೆದು, ಗಾಜಿನ ಮೇಜಿನ ಮೇಲೆ ಟಾರ್ಚುಗಳನ್ನು ಸಾಲಾಗಿ ಇಟ್ಟ. ತಲೆ ತಿರುಗಿಸಿದರೆ ಬೆಳಕು ಹಿಗ್ಗಿ ಕುಗ್ಗುವುದೊಂದು. ಪಕ್ಕದಲ್ಲಿ ಕೆಂಪುದೀಪ ಮಿನುಗಿಸುವುದೊಂದು. ಉಮಾಶಂಕರ ಅವನ್ನೆಲ್ಲ ಬೆರಳ ತುದಿಯಿಂದ ಆಚೆ ಸರಿಸಿದ. ಕೊನೆಗೆ ಒಂದು ಗಿಡ್ಡನೆಯದು ಕೈಗೆ ಬಂತು. ಅಲ್ಯುಮಿನಿಯಂ ಮೈ, ಎರಡು ಸಣ್ಣ ಸೆಲ್ಲು, ಹೆಬ್ಬೆರಳಿಗೆ ಸಿಗುವ ಒಂದು ಗುಂಡಿ, ಇನ್ನೇನೂ ಇಲ್ಲ.

“ಅಂಗಡೀಲಿ ನೋಡಿದರೆ ಏನು ತಿಳಿಯುತ್ತೆ ಸಾರ್, ಒಳಗೆ ಹೋಗಿ ನೋಡಿ,” ಎಂದು ಸತ್ಯಮೂರ್ತಿ ಹಿಂದಿನ ಗೋಡೌನಿನ ಬಾಗಿಲು ತೆಗೆದ. ಟಾರ್ಚು ಕೊಳ್ಳುವವರಿಗೆಲ್ಲ ಅವನು ಕಲ್ಪಿಸಿದ್ದ ಸೌಕರ್ಯ ಅದು. ಕಿಟಕಿಯಿಲ್ಲದ ಕೋಣೆ, ಗೋಡೆಗೆ ಫ್ಯಾನಿನ ಪೆಟ್ಟಿಗೆಗಳು, ವೈರಿನ ಸುರುಳಿಗಳು. ಗಂಡಹೆಂಡಿರು ಒಳಗೆ ಹೋದರು, ಬಾಗಿಲು ಮುಚ್ಚಿತು.

ಉಮಾಶಂಕರ ಗುಂಡಿ ಒತ್ತಿ ಎದುರು ಗೋಡೆಗೆ ಹಿಡಿದ. ಫ್ಯಾನಿನ ಪೆಟ್ಟಿಗೆಯೊಂದರ ಮೇಲಿನ ಸಣ್ಣ ಅಕ್ಷರಗಳನ್ನು ಪಟಪಟನೆ ಓದಿಯೂಬಿಟ್ಟ. “ನೋಡಿದ್ಯಾ? ಬೆಳಕೂ ಅಗಲವಾಗೇ ಇದೆ. ಇದೇ ಆಗ್ಲಿ.”

ಬೆಳಕೇನೂ ಅಗಲವಾಗಿರಲಿಲ್ಲ. ಸೋಮವಾರ ಹತ್ತಿರವಾಗಿತ್ತು, ಅಷ್ಟೇ. ಟಾರ್ಚು ಒಪ್ಪಲೇಬೇಕೆಂದು ಅವನು ಮನೆಯಿಂದಲೇ ತೀರ್ಮಾನಿಸಿಕೊಂಡು ಬಂದಿದ್ದ.

“ಏನಂತೀಯ?” ಎಂದು ಅವನು ಬಲಕ್ಕೆ ತಿರುಗಿ ಕೇಳಿದ. ಬಾಗಿಲು ಮುಚ್ಚಿದಾಗ ಅವಳು ಬಲಕ್ಕಿದ್ದದ್ದು ನಿಜ. ಅವನು ಕೈ ಚಾಚಲು ಜಾಗವಾಗಲಿ ಎಂದು ಹಿಂದಿನಿಂದ ಬಂದು ಈಗ ಎಡಗಡೆ ಪೆಟ್ಟಿಗೆಗಳಿಗೆ ಒತ್ತಿ ನಿಂತಿದ್ದಳು. ಉತ್ತರ ಕೊಡಲು ಬಾಯಿ ತೆರೆದಳು. ‘ಬೇಡ’ ಎನ್ನುವುದೋ, ‘ಸರಿ’ ಎನ್ನುವುದೋ ತೀರ್ಮಾನವಾಗಲಿಲ್ಲ.

“ಮಂಗಳಾ?”

ಬೆಳಕು ಬಲಗೋಡೆಯನ್ನು ಸವರಿ ಹಿಂದಕ್ಕೆ ಬಂತು, ಎಡಕ್ಕೂ ಬಂತು. ಅದರ ಅಂಚು ಅವಳ ತೋಳಿನ ಮೇಲೆ ಬಿತ್ತು. ತನ್ನ ಹಸಿರು ಬಳೆಗಳು ಅವಳಿಗೇ ಚೆನ್ನಾಗಿ ಕಂಡವು. ಬೆಳಕು ಅಲ್ಲಿ ನಿಲ್ಲದೆ ಮುಂದೆ ಹೋಯಿತು.

“ಹೊರಗೆ ಹೋದ್ಯೇನೇ? ಲೇ, ಎಲ್ಲಿದ್ದೀಯ?”

ಇಷ್ಟು ವರ್ಷದ ಸಂಸಾರದಲ್ಲಿ ಆ ದನಿಯನ್ನು ಅವಳು ಕೇಳಿರಲಿಲ್ಲ. ಮ್ಯಾನೇಜರಾಗಲಿರುವವನು ಹೆದರಿದ್ದ. ಆಗಲಾದರೂ ಓಗೊಡಬೇಕಿತ್ತು, ಅವಳಿಂದ ಆಗಲಿಲ್ಲ. ಬೆಳಕು ಗೋಡೆಯಿಂದ ಗೋಡೆಗೆ ದಿಕ್ಕೆಟ್ಟು ಓಡಾಡಿತು. ಅವನು ಎಡಗೈ ಚಾಚಿ ಗಾಳಿಯಲ್ಲಿ ತಡವಿದ, ಅದು ಬಂದು ಅವಳ ಭುಜಕ್ಕೆ ತಾಗಿ ಅಲ್ಲೇ ಉಳಿಯಿತು.

“ಇಲ್ಲೇ ಇದ್ದೀನಿ ರೀ,” ಎಂದಳು. ಅವಳಿಗೆ ಅಳು ಬಂದಿತ್ತು.

“ಆಗಿನಿಂದ ಇಲ್ಲೇ ಇದ್ಯಾ?”

“ಹೂಂ.”

“ನಿನ್ನ ಮೇಲೆ ಬೆಳಕು ಬಿತ್ತಾ?”

ಒಂದು ಸಣ್ಣ ಸುಳ್ಳಿಗೆ ಅಲ್ಲಿ ಜಾಗವಿತ್ತು. “ಬಿತ್ತು,” ಎಂದಳು ಮಂಗಳಾಗೌರಿ. “ಬಳೆ ಕಾಣ್ತಿದ್ವು ನಂಗೆ.”

ಉಮಾಶಂಕರ ಟಾರ್ಚು ಆರಿಸಿದ. ಕತ್ತಲೆಯಲ್ಲಿ ಅವನ ಉಸಿರು ಕೇಳುತ್ತಿತ್ತು, ಆಚೆ ಗವರ್ನರ್‌ಪೇಟೆಯ ಆಟೋಗಳು ಕೇಳುತ್ತಿದ್ದವು.

“ದೊಡ್ಡಪ್ಪನಿಗೂ ಹೀಗೇ ಶುರುವಾಗಿದ್ದು,” ಎಂದ. “ನಲವತ್ತು ದಾಟ್ತಿದ್ದ ಹಾಗೇ ಜಗಲಿ ಹಿಡಿದ್ರು.”

“ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಮತ್ತೆ ಇಷ್ಟೊಂದು ಟಾರ್ಚು ಯಾಕ್ ತಗೊಂಡ್ರಿ?”

“ಯಾವುದಾದರೊಂದರಲ್ಲಿ ಕಾಣಬಹುದೇನೋ ಅಂತ.”

ಮಂಗಳಾಗೌರಿ ಭುಜದ ಮೇಲಿದ್ದ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಅದು ಬೆವರಿತ್ತು. ತಾನು ಇಷ್ಟು ದಿನ ಒಬ್ಬಳೇ ಹೊತ್ತಿದ್ದೇನೆಂದುಕೊಂಡಿದ್ದ ಭಾರವನ್ನು ಈ ಮನುಷ್ಯ ಅದಕ್ಕೂ ಮೊದಲಿನಿಂದ ಒಬ್ಬನೇ ಹೊತ್ತಿದ್ದ. ಅವಳಿಗೆ ಅವನ ಮೇಲೆ ಸಿಟ್ಟು ಬಂತು, ಅದರ ಬೆನ್ನಿಗೇ ಕನಿಕರವೂ ಬಂತು.

ಹೊರಗೆ ಬಂದಾಗ ಸತ್ಯಮೂರ್ತಿ ಇನ್ನೊಂದು ಪೆಟ್ಟಿಗೆ ಬಿಚ್ಚಿಕೊಂಡು ಸಿದ್ಧವಾಗಿ ನಿಂತಿದ್ದ. “ಇದೂ ಆಗಲಿಲ್ಲವಾ ಸಾರ್? ಪರವಾಲೇದು, ಇದನ್ನ ನೋಡಿ.”

“ಇದೇ ಸಾಕು,” ಎಂದ ಉಮಾಶಂಕರ. ಗಿಡ್ಡ ಟಾರ್ಚನ್ನು ಹೆಂಡತಿಯ ಅಂಗೈಯಲ್ಲಿಟ್ಟ. “ನಿನ್ನ ಕೈಗೆ ಸರಿಯಾಗಿ ಕೂರುತ್ತಾ ನೋಡು. ಗುಂಡಿ ಬಿಗಿ ಇಲ್ಲ ತಾನೆ? ಇನ್ಮೇಲೆ ಹಿಡಿಯೋಳು ನೀನು.”

ಅವಳು ಗುಂಡಿ ಒತ್ತಿ ನೋಡಿದಳು. ಸಲೀಸಾಗಿತ್ತು.

ಅಂಗಡಿಯ ಮುಂದೆ ಹೊತ್ತು ಇಳಿದಿತ್ತು. ಉಮಾಶಂಕರ ಸ್ಕೂಟರಿನ ಬಳಿ ಹೋಗಿ, ಸೀಟಿನ ಮೇಲೆ ಒಮ್ಮೆ ಕೈಯಾಡಿಸಿ, ಹಿಂದಕ್ಕೆ ಬಂದು ಬೀಗದ ಕೈಯನ್ನು ಸತ್ಯಮೂರ್ತಿಯ ಮೇಜಿನ ಮೇಲಿಟ್ಟ. ಗಾಡಿ ಇವತ್ತು ಇಲ್ಲೇ ಇರಲಿ, ಬೆಳಿಗ್ಗೆ ಬಂದು ಒಯ್ಯುತ್ತೇನೆ ಎಂದು ತನ್ನ ಹರಕು ತೆಲುಗಿನಲ್ಲಿ ಹೇಳಿದ. ಸತ್ಯಮೂರ್ತಿ ಯಾಕೆಂದು ಕೇಳಲಿಲ್ಲ, ಅದು ಅವನ ಸ್ವಭಾವವಲ್ಲ.

ಇಬ್ಬರೂ ರಿಕ್ಷಾ ನಿಲ್ಲುವ ಕಡೆ ನಡೆದರು. ಬೀದಿಯ ತುಂಬ ಜನ.

“ಸೋಮವಾರ ಬಡ್ತಿ ಬೇಡ ಅಂತ ಬರೆದುಕೊಡ್ತೀನಿ,” ಎಂದ ಅವನು. “ಕಾರಣ ಕೇಳ್ತಾರೆ.”

“ಹೆಂಡತಿ ಒಪ್ಪಲಿಲ್ಲ ಅಂತ ಬರೀರಿ. ನನ್ನ ಬೈಕೊಂಡ್ರೆ ಬೈಕೊಳ್ಳಲಿ.”

“ಇಲ್ಲ. ಕತ್ತಲಾದ್ರೆ ನಂಗೆ ಕಣ್ಣು ಕಾಣಲ್ಲ ಅಂತಲೇ ಬರೀತೀನಿ.”

ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು. ಮಂಗಳಾಗೌರಿ ಅವನ ಮೊಣಕೈ ಹಿಡಿದಳು. ನಡುಬೀದಿಯಲ್ಲಿ ಗಂಡನನ್ನು ಮುಟ್ಟಿ ನಡೆದವಳಲ್ಲ ಅವಳು. ಯಾರಾದರೂ ನೋಡಿದರೆ ನೋಡಲಿ ಎನ್ನಿಸಿತು. ಪಾದಚಾರಿ ದಾರಿ ಮುಗಿಯುವಲ್ಲಿ ಟಾರ್ಚು ಹತ್ತಿಸಿ ಅವನ ಕಾಲಿನ ಮುಂದೆ ಹಿಡಿದಳು.

“ಇಲ್ಲೊಂದು ಮೆಟ್ಟಿಲಿದೆ ರೀ,” ಎಂದಳು, ಗಟ್ಟಿಯಾಗಿಯೇ.

ಅವನು ಅವಳ ಮಾತನ್ನು ನಂಬಿ ಕಾಲು ಕೆಳಗಿಟ್ಟ.